ಗೊಂಬೆ ಸುತ್ತಿಗೆಯ ಮೇಸ್ತ್ರಿ

ಟಕ್, ಟಕ್, ಟಕ್. ಒಂದು ಉಸಿರಿನಷ್ಟು ಬಿಡುವು. ಆಮೇಲೆ ಇನ್ನೊಂದು ಟಕ್.

ಬಾಗಿಲು ಬಡಿಯುವ ಸದ್ದಲ್ಲ ಅದು. ನಮ್ಮ ಮನೆಗೆ ಕಾಲಿಂಗ್ ಬೆಲ್ ಇತ್ತು, ಅದು ಕೆಲಸವನ್ನೂ ಮಾಡುತ್ತಿತ್ತು. ಆದರೆ ಆ ಮನುಷ್ಯ ಗೇಟು ದಾಟಿ ಬಂದವರು ಮೊದಲು ಗೋಡೆಯ ಕ್ಷೇಮಸಮಾಚಾರ ಕೇಳಿಕೊಂಡು ಆಮೇಲೆ ಬೆಲ್ ಒತ್ತುತ್ತಿದ್ದರು. ಒಳಗೆ ಕಾಫಿ ಸೋಸುತ್ತಿದ್ದ ನನಗೆ ಗೋಡೆಯೇ ತಿಳಿಸುತ್ತಿತ್ತು, ಮೇಸ್ತ್ರಿಗಳು ಬಂದರು ಅಂತ. ಇನ್ನೊಂದು ಲೋಟ ತೆಗೆದಿಡುತ್ತಿದ್ದೆ.

ಹೋದ ತಿಂಗಳು ಅವರು ತೀರಿಕೊಂಡರು. ನಮ್ಮ ಮಹಡಿಯ ಪೋರ್ಷನ್ನಿನಲ್ಲಿರುವ ನಸೀಮಾ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಾ ಹೇಳಿದಳು. "ಆಂಟಿ, ಮೇಸ್ತ್ರಿಗಳು ಹೋಗ್ಬಿಟ್ರಂತೆ. ಮಣ್ಣೂ ಆಯ್ತಂತೆ. ನಮಗ್ಯಾರೂ ಹೇಳ್ಲೇ ಇಲ್ಲ ನೋಡಿ." ನನಗೇಕೆ ಹೇಳಬೇಕು ಯಾರಾದರೂ? ಹೇಳುವಂಥ ಸಂಬಂಧವನ್ನು ನಾನು ಉಳಿಸಿಕೊಂಡಿದ್ದೆನೆ?

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಚನ್ನಪಟ್ಟಣದಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡೂ ಇಲ್ಲ. ಕಂಟ್ರಾಕ್ಟರ್ ಆಗಿ, ಕೈಕೆಳಗೆ ಇಪ್ಪತ್ತು ಆಳು ಇಟ್ಟುಕೊಂಡ ಮೇಲೂ ಮೇಸ್ತ್ರಿಗಳೇ.

ನಮ್ಮ ಯಜಮಾನರು ರೇಷ್ಮೆ ಇಲಾಖೆಯಲ್ಲಿದ್ದರು. ನಾನು ರಾಮನಗರದ ಒಂದು ಕಾನ್ವೆಂಟಿನಲ್ಲಿ ಇಂಗ್ಲಿಷ್ ಟೀಚರ್. ಟ್ರೈನಿನಲ್ಲಿ ದಿನಾ ಅಪ್ ಅಂಡ್ ಡೌನ್. ಇಬ್ಬರ ಸೇವಿಂಗ್ಸ್ ಸೇರಿಸಿ ಚನ್ನಪಟ್ಟಣದಲ್ಲಿ ಸೈಟು ತೆಗೆದುಕೊಂಡು ಮನೆ ಕಟ್ಟಿಸಿದಾಗ ಕಟ್ಟಿದವರು ಇವರೇ. ಮೊದಲ ಲೋಡು ಇಟ್ಟಿಗೆ ಬಂದ ದಿನ ನಾನಲ್ಲೇ ನಿಂತಿದ್ದೆ. ಮೇಸ್ತ್ರಿಗಳು ಎರಡು ಇಟ್ಟಿಗೆ ಎತ್ತಿ ಒಂದಕ್ಕೊಂದು ತಾಗಿಸಿ ಕಿವಿ ಕೊಟ್ಟರು.

"ಬೆಂದಿಲ್ಲ ಇದು. ವಾಪಸ್ ತಗಂಡೋಗ್ಲಾ," ಅಂದರು ಲಾರಿಯವನಿಗೆ. "ಬೆಂದಿದ್ರೆ ಗಂಟೆ ಹೊಡ್ದಂಗೆ ಅನ್ಬೇಕು. ಇದು ಮಡಕೆ ಒಡ್ದಂಗೆ ಅಂತೈತೆ."

"ಏನ್ ಮೇಸ್ತ್ರಿ, ಇಟ್ಟಿಗೇನ ಸಂಗೀತದ ಕ್ಲಾಸ್ಗೆ ಸೇರಿಸ್ತೀಯಾ?"

"ನಿನ್ನ ಸೇರ್ಸಾಕಾಗಲ್ವಲ್ಲ, ಅದ್ಕೆ. ನಡಿಲಾ."

ಲಾರಿ ವಾಪಸ್ ಹೋಯಿತು. ನಮ್ಮವರು ನನ್ನ ಕಡೆ ನೋಡಿ ಮೆಲ್ಲಗೆ ಅಂದರು, "ದಿಸ್ ಮ್ಯಾನ್ ಹ್ಯಾಸ್ ಇಯರ್ಸ್." ಆ ಕಿವಿಯ ಬಗ್ಗೆ ನಮ್ಮವರಿಗಿದ್ದ ನಂಬಿಕೆ ಕೊನೆಯವರೆಗೂ ಸಡಿಲಾಗಲಿಲ್ಲ. ಅವರು ಬದುಕಿದ್ದಿದ್ದರೆ ಮುಂದಿನದು ನಡೆಯುತ್ತಲೂ ಇರಲಿಲ್ಲ.

ಇನ್ನೊಂದು ನೆನಪಿದೆ. ಕಟ್ಟಿ ಎರಡು ದಿನವಾದ ಗೋಡೆಯನ್ನು ನಾನು ಮೇಸ್ತ್ರಿಗಳ ಹಾಗೇ ಛತ್ರಿಯ ಹಿಡಿಯಿಂದ ತಟ್ಟಿ ನೋಡಿದೆ, ಸುಮ್ಮನೆ ಶೋಕಿಗೆ. ಓಡಿ ಬಂದರು. "ಹಸಿ ಗೋಡೆ ತಟ್ಬಾರ್ದು ಟೀಚರಮ್ಮ. ಅದಿನ್ನೂ ಮಾತು ಕಲ್ತಿರಲ್ಲ. ನೀರು ಕುಡುಸ್ಬೇಕು, ಅಷ್ಟೇಯ." ದಿನಾ ಬೆಳಿಗ್ಗೆ ತಾವೇ ಬಂದು ಬಿಂದಿಗೆಯಲ್ಲಿ ನೀರು ಹೊಯ್ಯುತ್ತಿದ್ದರು. ಆಳಿಗೆ ಬಿಟ್ಟರೆ ಮೇಲೆ ಮೇಲೆ ಚಿಮುಕಿಸಿ ಹೋಗುತ್ತಾನೆ ಅಂತ.

ಅರವತ್ತರ ಹತ್ತಿರ ಬರುವ ಹೊತ್ತಿಗೆ ಅವರ ಮಂಡಿ ಸಾರುವೆ ಹತ್ತಲು ಒಪ್ಪದಾಯಿತು. ಅಷ್ಟರಲ್ಲಿ ನಮ್ಮವರೂ ಹೋಗಿದ್ದರು. ಒಂದು ದಿನ ಮೇಸ್ತ್ರಿಗಳು ಬಂದು ಕೂತು, ಲೋಟದಲ್ಲಿ ಕಾಫಿ ಆರಿದರೂ ಕುಡಿಯದೆ ಮಾತು ತೆಗೆದರು. ಅವರು ಕಟ್ಟಿದ ಮನೆಗಳ ಓನರುಗಳು ಅರ್ಧಕ್ಕರ್ಧ ಬೇರೆ ಊರು ಸೇರಿ ಮನೆ ಬಾಡಿಗೆಗೆ ಕೊಟ್ಟಿದ್ದರು. ಬಾಡಿಗೆದಾರರೆಲ್ಲ ಫೋನು ಮಾಡುವುದು ಮಾತ್ರ ಇವರಿಗೆ.

"ನಲ್ಲಿ ಸೋರಿದ್ರೂ ನಾನೇ, ಬೀಗದ ಕೈ ಕಳ್ದೋದ್ರೂ ನಾನೇ. ಹೆಂಗೂ ಓಡಾಡ್ತಾ ಇವ್ನಿ. ಇದ್ನೇ ಒಂದು ಕಸುಬು ಮಾಡ್ಕಂಡ್ಬುಟ್ರೆ ಹೆಂಗೆ ಟೀಚರಮ್ಮ?"

"ಇದಕ್ಕೆ ಪ್ರಾಪರ್ಟಿ ಮ್ಯಾನೇಜ್‌ಮೆಂಟ್ ಅಂತಾರೆ, ಮೇಸ್ತ್ರಿಗಳೇ. ದೊಡ್ಡ ಊರುಗಳಲ್ಲಿ ಇದೇ ಒಂದು ಬಿಸಿನೆಸ್."

"ಅಂಗಂದ್ರೆ?"

"ಬೇರೆಯವರ ಮನೆ ನೋಡಿಕೊಳ್ಳೋದು. ಬಾಡಿಗೆದಾರರನ್ನ ಹುಡುಕೋದು, ಬಾಡಿಗೆ ಎತ್ತಿಕೊಡೋದು, ರಿಪೇರಿ ಮಾಡಿಸೋದು."

"ಬಾಣಂತನ ಅನ್ನಿ. ಮನೆ ಕಟ್ಟೋದು ಹೆರಿಗೆ. ಹೆರಿಗೆಗೆ ಎಲ್ರೂ ಬತ್ತಾರೆ, ಹೋಳಿಗೆ ಉಂಡ್ಕಂಡು ಹೋಯ್ತಾರೆ. ಬಾಣಂತನಕ್ಕೆ ಯಾರೂ ಇಲ್ಲ. ಬೋರ್ಡಲ್ಲಿ ಅದ್ನೇ ಬರ್ಸುವಾ?"

"ಅಯ್ಯೋ ಬೇಡ! ಜನ ಮಗು ಎತ್ತಿಕೊಂಡು ಬಂದುಬಿಡ್ತಾರೆ," ಅಂದೆ. ಇಬ್ಬರೂ ಬಹಳ ಹೊತ್ತು ನಕ್ಕೆವು.

ಕೊನೆಗೆ ಬೋರ್ಡಿನ ಒಕ್ಕಣೆ ನಾನೇ ಬರೆದುಕೊಟ್ಟೆ. ಮೇಲೆ ಇಂಗ್ಲಿಷಿನಲ್ಲಿ ಪ್ರಾಪರ್ಟಿ ಮ್ಯಾನೇಜ್‌ಮೆಂಟ್, ಕೆಳಗೆ ಕನ್ನಡದಲ್ಲಿ 'ಮನೆ ನೋಡಿಕೊಳ್ಳಲಾಗುವುದು'. ಕಾರುಗಳೆಲ್ಲ ಹೊಸ ಹೈವೇ ಹಿಡಿದ ಮೇಲೆ ಹಳೇ ರಸ್ತೆಯ ಅಂಗಡಿಗಳು ಖಾಲಿ ಹೊಡೆಯುತ್ತಿದ್ದವು. ಅಂಥದ್ದೊಂದು ಶಟರಿನ ಮೇಲೆ ಬೋರ್ಡು ಏರಿತು. ಮೊದಲ ಕಸ್ಟಮರ್ ನಾನು. ಆಮೇಲೆ ನಮ್ಮೂರಿನ ಕೆಲವು ಮನೆಗಳು, ರಾಮನಗರದ ಕೆಲವು, ಕನಕಪುರದಲ್ಲೊಂದು, ಮಾಗಡಿಯಲ್ಲೊಂದು. ಹಾರೋಹಳ್ಳಿಯಲ್ಲಿ ಫ್ಯಾಕ್ಟರಿ ಕೆಲಸಗಾರರಿಗೆ ಕಟ್ಟಿದ ಒಂದು ಸಾಲು ರೂಮು. ಮೊಪೆಡ್ಡಿನಲ್ಲಿ ಇಷ್ಟೂ ಸುತ್ತುತ್ತಿದ್ದರು.

ಬಾಡಿಗೆದಾರರನ್ನು ಅವರು ಆರಿಸುವ ರೀತಿಯೇ ಬೇರೆ. ಯಾವ ಜನ, ಏನು ತಿನ್ನುತ್ತೀರಿ ಎಂದೆಲ್ಲ ನಮ್ಮ ಓನರುಗಳು ಕೇಳುತ್ತಾರಲ್ಲ, ಅದು ಯಾವುದೂ ಇಲ್ಲ. ಬಂದವರಿಗೆ ಮನೆ ತೋರಿಸಿ, ಹೊರಗೆ ಬರುವಾಗ "ಒಸಿ ಬಾಗ್ಲು ಹಾಕ್ಕಂಡ್ ಬನ್ನಿ" ಅನ್ನುತ್ತಿದ್ದರು. ಅಷ್ಟೇ ಪರೀಕ್ಷೆ. "ದಡ್ ಅಂತ ಹಾಕೋರ್ಗೆ ಮನೆ ಕೊಡ್ಬಾರ್ದು ಟೀಚರಮ್ಮ, ಚೌಕಟ್ಟು ಸಡ್ಲ ಆಯ್ತದೆ." ನಸೀಮಾಳ ಗಂಡ ನಮ್ಮ ಮಹಡಿಯ ಬಾಗಿಲನ್ನು ಮಲಗಿದ ಮಗುವಿನ ಕೋಣೆಯ ಬಾಗಿಲಿನಂತೆ ಹಾಕಿದನಂತೆ. ಅವತ್ತೇ ಸಂಜೆ ಕೀ ಕೊಟ್ಟರು. ಅವನು ಗೊಂಬೆ ಮಾಡುವವನು. ಆ ಖುಷಿಗೆ ಹಾಲೆ ಮರದಲ್ಲಿ ಒಂದು ಪುಟ್ಟ ಸುತ್ತಿಗೆ ಕಡೆದು, ಹಳದಿ ಕೆಂಪು ಅರಗಿನ ಬಣ್ಣ ಹಾಕಿ, ಮೇಸ್ತ್ರಿಗಳಿಗೆ ಪ್ರೆಸೆಂಟ್ ಮಾಡಿದ. ಅಲ್ಲಿಂದ ಮುಂದೆ ಅವರು ಗೋಡೆ ತಟ್ಟುತ್ತಿದ್ದುದು ಅದರಲ್ಲೇ. ಬಿಳಿ ಪಂಚೆ, ಬಿಳಿ ಮೀಸೆ, ಕೈಯಲ್ಲಿ ಮಕ್ಕಳಾಟದ ಸುತ್ತಿಗೆ! ಬೀದಿಯವರು ನಗುತ್ತಿದ್ದರು. ಅವರೂ ನಗುತ್ತಿದ್ದರು. ಎಲ್ಲಾದರೂ ಟೊಳ್ಳು ಸದ್ದು ಬಂದರೆ ಇಟ್ಟಿಗೆ ಚೂರಿನಿಂದ ಅಲ್ಲೊಂದು ಕೆಂಪು ವೃತ್ತ ಬರೆದಿಟ್ಟು, ಓನರಿಗೆ ತಿಳಿಸಬೇಕು ಎಂದು ನನ್ನ ಹತ್ತಿರ ಬರುತ್ತಿದ್ದರು.

ತಿಂಗಳಿಗೊಂದು ರಿಪೋರ್ಟು. ಅವರು ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿನಲ್ಲಿ ಬರೆಯುವುದು. "ಮನೆ ಆರೋಗ್ಯವಾಗೈತೆ, ಬಚ್ಚಲುಮನೆಗೆ ಒಸಿ ಶೀತ ಆಗೈತೆ ಅಂತ ಬರೀರಿ." ನಾನು 'ದಿ ಪ್ರಿಮೈಸಸ್ ಆರ್ ಇನ್ ಗುಡ್ ಆರ್ಡರ್, ಮೈನರ್ ಡ್ಯಾಂಪ್‌ನೆಸ್ ಇನ್ ದಿ ಬಾತ್‌ರೂಮ್' ಎಂದು ಬರೆದು ಅರ್ಥ ಹೇಳುತ್ತಿದ್ದೆ. "ಆರೋಗ್ಯ ಎಲ್ಲಿ ಬಂತು ಇದ್ರಲ್ಲಿ?" ಎಂದು ಅವರಿಗೆ ಸಮಾಧಾನವಿಲ್ಲ. ಆದರೂ ನಂಬುತ್ತಿದ್ದರು. ನಾನು ಬರೆದದ್ದೆಲ್ಲ ಸರಿಯೇ ಇರುತ್ತದೆ ಅಂತ.

ಮೈಸೂರಿನ ಕಾನ್ವೆಂಟಿನಲ್ಲಿ ಓದುವಾಗ ಸಿಸ್ಟರ್ ಒಬ್ಬರು ನನ್ನ ಕಾಂಪೊಸಿಷನ್ ನೋಟ್‌ಬುಕ್ಕಿನ ಅಂಚಿನಲ್ಲಿ 'ನೀಟ್ ಟರ್ನ್ ಆಫ್ ಫ್ರೇಸ್' ಎಂದು ಬರೆದಿದ್ದರು. ಆ ನಾಲ್ಕು ಶಬ್ದವನ್ನು ನಾನು ಅರವತ್ತು ವರ್ಷ ಒಡವೆಯ ಹಾಗೆ ಹಾಕಿಕೊಂಡು ತಿರುಗಿದ್ದೇನೆ. ಒಂದು ಚುರುಕಾದ ಮಾತು ಹೊಳೆದರೆ ಹೇಳದೆ ಇರಲಾರೆ. ಅದು ಯಾರಿಗೆ ತಾಗುತ್ತದೆ ಎಂದು ಆಮೇಲೆ ನೋಡುವುದು.

ಒಂದು ಬೇಸಿಗೆಯಲ್ಲಿ ನಮ್ಮ ಹಿತ್ತಲ ಬಾಗಿಲಿನ ಮೇಲಿನ ಸಜ್ಜಾಕ್ಕೇ ಕೆಂಪು ವೃತ್ತ ಬಿತ್ತು. ಅದರ ನೇರ ಕೆಳಗೆ ಒಗೆಯೋ ಕಲ್ಲು. ಆ ಕಲ್ಲಿನ ಮೇಲೇ ಹತ್ತಿ ನಿಂತು ತಟ್ಟಿದರು, ಇಳಿದರು, ಮತ್ತೆ ಹತ್ತಿ ತಟ್ಟಿದರು.

"ಟೊಳ್ಳಾಗೈತೆ ಟೀಚರಮ್ಮ. ಒಳಗೆ ಕಂಬಿ ತುಕ್ಕು ಹಿಡಿದು ಉಬ್ಬೈತೆ. ಒಡೆದು ಹೊಸ್ದು ಹಾಕ್ಬೇಕು."

ಕೆಳಗಿನಿಂದ ನೋಡಿದರೆ ಒಂದು ಗೆರೆಯೂ ಬಿರುಕಿಲ್ಲ. ಹೋದ ವರ್ಷ ತಾನೇ ಬಚ್ಚಲ ಪೈಪು ಬದಲಾಯಿಸಬೇಕು ಅಂದಿದ್ದರು, ಬದಲಾಯಿಸಿದ್ದೆವು. ಅದರ ಹಿಂದಿನ ವರ್ಷ ಟೆರೇಸು.

"ನೀವೇ ಕಟ್ಟಿದ್ದು, ನೀವೇ ಕೆಟ್ಟಿದೆ ಅಂತೀರಿ, ಕೊನೆಗೆ ನೀವೇ ರಿಪೇರಿ ಮಾಡೋದು. ವೆರಿ ಕನ್ವೀನಿಯಂಟ್, ಅಲ್ವಾ?" ಅಂದೆ, ನಗುತ್ತಲೇ.

ಅವರಿಗೆ ಇಂಗ್ಲಿಷು ಅರ್ಥವಾಗಲಿಲ್ಲ, ನಗು ಅರ್ಥವಾಯಿತು. "ಕೂಲಿ ನಂದು ಟೀಚರಮ್ಮ, ಸಾಮಾನು ಒಂದು ನಿಮ್ದು. ಅದು ನನ್ನ ಕೆಲ್ಸ," ಅಂದರು. ಮಳೆಗಾಲ ಕಳೆಯಲಿ, ನೋಡೋಣ ಅಂದೆ. "ಮಳೆ ಬರೋದ್ರೊಳಗೇ ಆಗ್ಬೇಕು," ಅಂದರು. ನಾನು ವಿಷಯ ಬದಲಾಯಿಸಿದೆ. ಮುಂದಿನ ವಾರ ಪೇಂಟರ್ ಬಂದಾಗ ಆ ವೃತ್ತದ ಮೇಲೆ ಎರಡು ಕೋಟು ಬಳಿಸಿದೆ. ಬಂದವರ ಕಣ್ಣಿಗೆ ಅಸಹ್ಯವಾಗಿ ಕಾಣುತ್ತದೆ ಅಂತ.

ಅದೇ ಸಮಯಕ್ಕೆ ಮೈಸೂರಿನಿಂದ ಮೆಸೇಜು ಬಂತು. ನಮ್ಮವರ ಹಳೇ ಸ್ನೇಹಿತರು, ಬ್ಯಾಂಕಿನಲ್ಲಿದ್ದು ರಿಟೈರ್ ಆದವರು. ಅವರ ಚನ್ನಪಟ್ಟಣದ ಮನೆಯೂ ಮೇಸ್ತ್ರಿಗಳ ಕೈಯಲ್ಲೇ ಇತ್ತು. ಅಲ್ಲಿಯೂ ಒಂದು ಗೋಡೆಗೆ ವೃತ್ತ ಬಿದ್ದಿತ್ತಂತೆ. 'ಮನುಷ್ಯನನ್ನು ನಂಬಬಹುದೆ?' ಎಂದು ಇಂಗ್ಲಿಷಿನಲ್ಲಿ ಕೇಳಿದ್ದರು. ನಾನೂ ಇಂಗ್ಲಿಷಿನಲ್ಲೇ ಉತ್ತರ ಬರೆದೆ. ಕನ್ನಡದಲ್ಲಿ ಅದು ಹೀಗಾಗುತ್ತದೆ: ಕಂಟ್ರಾಕ್ಟರ್ ಎಂದಿದ್ದರೂ ಕಂಟ್ರಾಕ್ಟರೇ, ಅವನ ಕೈಗೆ ಗೊಂಬೆ ಸುತ್ತಿಗೆ ಕೊಟ್ಟರೂ ನಿಮ್ಮ ಗೋಡೆಯಲ್ಲೊಂದು ಟೊಳ್ಳು ಹುಡುಕಿಬಿಡುತ್ತಾನೆ.

ಇಪ್ಪತ್ತೇಳು ವರ್ಷ ನಾನು ಅವರನ್ನು ಏಕವಚನದಲ್ಲಿ ಕರೆದವಳಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗ ಅದು ಗಮನಕ್ಕೇ ಬರಲಿಲ್ಲ. ಕಳಿಸಿದ ಮೇಲೆ ಎರಡು ಸಲ ಓದಿಕೊಂಡೆ, ಖುಷಿಯಿಂದ. ಆ ಕಡೆಯಿಂದ ನಗುವ ಮುಖಗಳು ಸಾಲಾಗಿ ಬಂದವು. ಆ ಸ್ನೇಹಿತರು ಅದನ್ನು ಉಳಿದ ಓನರುಗಳಿಗೂ ಕಳಿಸಿದರು. ಮಾತು ಚೆನ್ನಾಗಿತ್ತಲ್ಲ, ಓಡಿತು.

ಹತ್ತು ದಿನ ಕಳೆದಿರಬಹುದು. ಬೆಲ್ ಆಯಿತು. ಬಾಗಿಲು ತೆಗೆದರೆ ಮೇಸ್ತ್ರಿಗಳು. ಗೋಡೆಯ ಸದ್ದು ಬಂದಿರಲಿಲ್ಲ. ಅವತ್ತು ಅವರು ನೇರವಾಗಿ ಬೆಲ್ ಒತ್ತಿದ್ದರು. ಆಗ ನನಗದು ತೋಚಲಿಲ್ಲ, ಆಮೇಲೆ ತೋಚಿತು.

"ರಾಮನಗರದೋರು ಏನೋ ಇಂಗ್ಲಿಷಲ್ಲಿ ಕಳ್ಸವ್ರೆ ಟೀಚರಮ್ಮ. ಒಸಿ ಓದಿ ಹೇಳಿ." ಒಳಗೆ ಬಂದು ಕೂತು ಫೋನು ನನ್ನ ಕೈಗೆ ಕೊಟ್ಟರು.

ನನ್ನದೇ ಮಾತು. ಕೈಯಿಂದ ಕೈಗೆ ದಾಟಿ ಬಂದಿತ್ತು, ಯಾರು ಬರೆದರು ಎಂಬ ಗುರುತಿಲ್ಲದೆ. ಕೆಳಗೆ ರಾಮನಗರದ ಓನರು ಒಂದು ಸಾಲು ಸೇರಿಸಿದ್ದರು: ಮುಂದಿನ ತಿಂಗಳಿಂದ ಬರಬೇಕಾಗಿಲ್ಲ, ಕೀ ವಾಪಸ್ ಕೊಡಿ.

ಕನ್ನಡಕ ಸರಿ ಮಾಡಿಕೊಂಡೆ. ಸೆರಗಿನಿಂದ ಒರೆಸಿಯೂ ಒರೆಸಿದೆ. "ಏನಿಲ್ಲ ಮೇಸ್ತ್ರಿಗಳೇ. ನಿಮ್ಮ ಕೆಲಸ ಬಹಳ ಚೆನ್ನಾಗಿತ್ತು ಅಂತ ಬರೆದಿದ್ದಾರೆ. ಅವರ ಸಂಬಂಧದವರೊಬ್ಬರು ಮನೆ ನೋಡಿಕೊಳ್ತಾರಂತೆ, ಅದಕ್ಕೆ ಕೀ ಕೇಳಿದ್ದಾರೆ. ಥ್ಯಾಂಕ್ಸ್ ಹೇಳಿದ್ದಾರೆ."

ಅವರು ನನ್ನ ಮುಖವನ್ನು ನೋಡಿದರು. ಅವಸರವಿಲ್ಲದೆ, ಇಟ್ಟಿಗೆಗೆ ಕಿವಿ ಕೊಟ್ಟಾಗ ನೋಡುತ್ತಿದ್ದ ಹಾಗೆ.

"ಅಷ್ಟೇಯಾ?"

"ಅಷ್ಟೇ."

"ಸರಿ ಬುಡಿ." ಫೋನು ಜೇಬಿಗಿಟ್ಟುಕೊಂಡು ಎದ್ದರು. ಕಾಫಿ ಬೇಡ ಅಂದರು. ಬಾಗಿಲನ್ನು ಹೊರಗಿನಿಂದ ತಾವೇ ಮೆತ್ತಗೆ ಹಾಕಿಕೊಂಡು ಹೋದರು.

ಒಬ್ಬೊಬ್ಬರಾಗಿ ಓನರುಗಳು ಕೀ ವಾಪಸ್ ತೆಗೆದುಕೊಂಡರು. ಹಾರೋಹಳ್ಳಿಯ ರೂಮುಗಳು ಎಲ್ಲಕ್ಕಿಂತ ಕೊನೆಗೆ ಹೋದವು. ಅಲ್ಲಿಯ ಬಾಡಿಗೆದಾರರೇ ಓನರಿಗೆ ಫೋನು ಮಾಡಿ ಇವರೇ ಇರಲಿ ಎಂದು ಕೇಳಿಕೊಂಡರಂತೆ. ನಾನು ಕೀ ವಾಪಸ್ ಕೇಳಲಿಲ್ಲ. ಅವರೇ ಒಂದು ದಿನ ನಸೀಮಾಳ ಕೈಯಲ್ಲಿ ಕೊಟ್ಟು ಹೋಗಿದ್ದರು. ವರ್ಷ ತುಂಬುವ ಮೊದಲೇ ಶಟರು ಇಳಿಯಿತು. ಅವರು ವಿರೂಪಾಕ್ಷಿಪುರದ ಕಡೆಯ ತಮ್ಮ ಹಳ್ಳಿಗೆ ಹೊರಟುಹೋದರು.

ಶಟರು ಇಳಿದ ವರ್ಷದ ಮಳೆಗಾಲ. ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಹಿತ್ತಲಲ್ಲಿ ಏನೋ ಸ್ಫೋಟವಾದ ಹಾಗೆ ಸದ್ದು. ಓಡಿ ಹೋಗಿ ನೋಡಿದರೆ ಸಜ್ಜಾದ ಅರ್ಧ ಭಾಗ ಒಗೆಯೋ ಕಲ್ಲಿನ ಮೇಲೆ ಬಿದ್ದಿತ್ತು. ಕಲ್ಲು ಎರಡು ಹೋಳು. ನಸೀಮಾ ಸೋಪು ತರಲು ಮೇಲೆ ಹೋಗಿದ್ದಳು. ಅವಳ ಬಕೆಟ್ಟು ಹಪ್ಪಳವಾಗಿತ್ತು. ಮೆಟ್ಟಿಲ ಮೇಲೆ ಸೋಪು ಹಿಡಿದು ನಿಂತಿದ್ದಳು. ನನ್ನನ್ನು ನೋಡಿದಳು, ಬಕೆಟ್ಟನ್ನು ನೋಡಿದಳು.

ಉಳಿದ ಅರ್ಧ ತೆಗೆಸಲು ಅವತ್ತೇ ಒಬ್ಬ ಎಂಜಿನಿಯರನ್ನು ಕರೆಸಿದೆ. ಕಂಬಿ ಮುಟ್ಟಿದರೆ ಪುಡಿಯಾಗುತ್ತಿತ್ತು. ಕಿತ್ತುಬಂದ ಬಣ್ಣದ ಅಡಿಯಲ್ಲಿ ಕೆಂಪು ಗೆರೆಯ ಒಂದು ತುಂಡು ಕಂಡು ಅವನು ಕೇಳಿದ, "ಯಾರೋ ಮೊದಲೇ ಮಾರ್ಕ್ ಮಾಡಿದ್ದಾರಲ್ಲ ಮೇಡಂ, ಯಾಕೆ ಮಾಡಿಸಲಿಲ್ಲ?"

ಅವತ್ತು ಸಂಜೆ ನಸೀಮಾ ನನ್ನ ಅಡುಗೆಮನೆಯಲ್ಲಿ ಕೂತಿದ್ದಳು. "ಮೇಸ್ತ್ರಿಗಳಿಗೆ ಯಾರೋ ಇಂಗ್ಲಿಷಲ್ಲಿ ಕೆಟ್ಟದಾಗಿ ಬರೆದಿದ್ರಲ್ಲ ಆಂಟಿ, ಅದು ಬಂದಾಗಿಂದಾನೇ ಅವರು ಮಂಕಾಗಿಬಿಟ್ರು," ಅಂದಳು.

"ನಿನಗೆ ಹೇಗೆ ಗೊತ್ತು?"

"ನನ್ನ ಮಗಳೇ ಓದಿ ಹೇಳಿದ್ದಲ್ವಾ. ಅವಳು ಕಾಲೇಜಿಗೆ ಹೊರಟಿದ್ಳು, ಗೇಟಲ್ಲಿ ನಿಲ್ಲಿಸಿ ಓದಿಸಿದ್ರು. ಎರಡು ಸಲ ಓದಿಸಿದ್ರು. ಯಾರು ಬರೆದಿದ್ದು ಅಂತ ಅವಳಿಗೆ ಗೊತ್ತಾಗ್ಲಿಲ್ಲ. ಇವರು ಮಾತ್ರ 'ಇಂಗ್ಲಿಷಲ್ಲಿ ಇಂಥ ಚುರುಕು ಮಾತು ನಮ್ಮೂರಲ್ಲಿ ಒಬ್ಬರಿಗೇ ಬರೋದು' ಅಂದ್ರಂತೆ. ಆಮೇಲೆ ನೇರ ನಿಮ್ಮ ಮನೆಗೇ ಬಂದ್ರು."

ಹಾಗಾದರೆ ಎಲ್ಲ ಗೊತ್ತಿದ್ದೇ ಬಂದಿದ್ದರು. ನನ್ನ ಎದುರು ಫೋನು ಹಿಡಿದದ್ದು ಓದಿಸುವುದಕ್ಕಲ್ಲ. ತಟ್ಟಿ ನೋಡುವುದಕ್ಕೆ.

ಮಾರನೆಯ ದಿನವೇ ಆಟೋ ಮಾಡಿಕೊಂಡು ಅವರ ಹಳ್ಳಿಗೆ ಹೋದೆ. ದಾರಿಯುದ್ದಕ್ಕೂ ವಾಕ್ಯ ಜೋಡಿಸಿದೆ. ಇಂಗ್ಲಿಷಿನಲ್ಲಿ ಬಂದದ್ದೆಲ್ಲ ಕೇಳಲು ಚೆಂದವಾಗಿತ್ತು, ಅದಕ್ಕೇ ನಾಚಿಕೆಯಾಯಿತು. ಕನ್ನಡದಲ್ಲಿ ಒಂದೇ ಶಬ್ದ ಸಾಕಿತ್ತು, ತಪ್ಪಾಯ್ತು ಅಂತ. ಅದನ್ನೇ ಬಾಯಲ್ಲಿ ಇಟ್ಟುಕೊಂಡು ಇಳಿದೆ.

ಮನೆಯ ಪಕ್ಕದಲ್ಲಿ ಕೋಳಿಗೂಡು. ಅದರ ಮೇಲೆ ಮಳೆಗೆ ಅಡ್ಡವಾಗಿ ನಮ್ಮ ಬೋರ್ಡು. 'ಮನೆ ನೋಡಿಕೊಳ್ಳಲಾಗುವುದು.' ಮೇಸ್ತ್ರಿಗಳು ಹಿಂದುಗಡೆ ಕೊಟ್ಟಿಗೆಗೆ ಹೊಸದಾಗಿ ಎಬ್ಬಿಸಿದ ಮೋಟುಗೋಡೆಗೆ ಬಿಂದಿಗೆಯಲ್ಲಿ ನೀರು ಹೊಯ್ಯುತ್ತಿದ್ದರು. ಬಹಳ ಇಳಿದುಹೋಗಿದ್ದರು. ಪಂಚೆ ಸೊಂಟಕ್ಕೆ ಎರಡು ಸುತ್ತು ಬರುತ್ತಿತ್ತು.

"ಬನ್ನಿ ಟೀಚರಮ್ಮ, ಬನ್ನಿ. ಲೇ ಇವ್ಳೇ, ಟೀಚರಮ್ಮೋರ್ ಬಂದವ್ರೆ, ಕಾಫಿಗಿಡು!" ಎಂದು ಹೆಂಡತಿಯನ್ನು ಕೂಗಿದರು. ಆಮೇಲೆ ದನಿ ತಗ್ಗಿಸಿ, "ಸಜ್ಜಾ ಬಿತ್ತಂತೆ. ನಸೀಮಮ್ಮನ ಮಗಳು ಫೋನ್ ಮಾಡಿದ್ಳು. ಯಾರ್ಗೂ ಏನೂ ಆಗ್ಲಿಲ್ವಲ್ಲ?"

"ಇಲ್ಲ."

"ನಂದೇ ತಪ್ಪು ಟೀಚರಮ್ಮ. ಅವತ್ತು ಕಾಂಕ್ರೀಟ್ ಹಾಕೋವಾಗ ಕಂಬಿಗೆ ತೇವ ತಾಗ್ದಂಗೆ ಕೆಳಗೆ ಸಿಮೆಂಟ್ ಬಿಲ್ಲೆ ಇಡ್ಬೇಕಿತ್ತು. ಹೊತ್ತಾಯ್ತು ಅಂತ ಬುಟ್ಬುಟ್ಟೆ. ಇಷ್ಟು ವರ್ಷ ಅದು ನನ್ ಕಿವಿಯಾಗೇ ಇತ್ತು. ಅದ್ಕೇ ಬಂದಾಗೆಲ್ಲ ತಟ್ತಿದ್ದೆ."

ನಾನು ಹೇಳಬೇಕಾದದ್ದನ್ನು ಅವರು ಹೇಳಿಬಿಟ್ಟಿದ್ದರು, ತಮ್ಮ ಲೆಕ್ಕದ್ದನ್ನು, ಅಷ್ಟು ಸಲೀಸಾಗಿ. ಕಾಫಿ ಬಂತು, ಕುಡಿದೆ. ಅವರ ಹೆಂಡತಿ ಮಡಿಲಿಗೆ ನಾಲ್ಕು ನಿಂಬೆಹಣ್ಣು ಹಾಕಿದರು. ಏಳುವ ಹೊತ್ತಿಗೆ ಮೇಸ್ತ್ರಿಗಳು ಜೇಬಿನಿಂದ ಫೋನು ತೆಗೆದರು.

"ಬಂದಿದ್ದು ಒಳ್ಳೇದಾಯ್ತು. ಇದು ತುಂಬೋಗೈತಂತೆ, ಆಮೆ ಆಗೈತೆ. ಹಳೇ ಮೆಸೇಜು ಒಸಿ ಅಳಿಸ್ಕೊಟ್ಬುಡಿ."

"ಎಲ್ಲಾನೂ ಅಳಿಸ್ಲಾ?"

"ಯಾವ್ದು ಬ್ಯಾಡ ಅಂತ ನಿಮ್ಗೇ ಗೊತ್ತಾಯ್ತದಲ್ಲ."

ಕನ್ನಡಕ ಹಾಕಿಕೊಂಡೆ. ಕೆಳಕ್ಕೆ ಹೋಗುತ್ತಾ ಹೋಗುತ್ತಾ ಅದು ಸಿಕ್ಕಿತು. ಎರಡು ಸಾಲು. ಅದರ ಮೇಲೆ ಬೆರಳಿಟ್ಟೆ. ಅವರು ನನ್ನ ಬೆರಳನ್ನೇ ನೋಡುತ್ತಿದ್ದರು. ಹೇಳುವುದಿದ್ದರೆ ಅದೇ ಗಳಿಗೆ. ಬಾಯಿ ತೆರೆದೆ ಕೂಡ. ಆದರೆ ಬೆರಳು ಮೊದಲು ಹೋಯಿತು.

"ಹೋಯ್ತಾ?"

"ಹೋಯ್ತು ಮೇಸ್ತ್ರಿಗಳೇ."

"ಸರಿ ಬುಡಿ."

ಆಟೋ ತಿರುಗಿಕೊಳ್ಳುವಾಗ ಹಿಂದಕ್ಕೆ ನೋಡಿದೆ. ಅವರು ಬಿಂದಿಗೆ ಬರಿದು ಮಾಡಿ ಕೆಳಗಿಟ್ಟಿದ್ದರು. ಅಭ್ಯಾಸಬಲದಿಂದ ಕೈ ಮೋಟುಗೋಡೆಯ ಕಡೆಗೆ ಎದ್ದಿತು, ಬೆರಳು ಮಡಚಿಕೊಂಡು. ಏನೋ ನೆನಪಾದವರಂತೆ ಅಲ್ಲೇ ನಿಂತರು. ಆಮೇಲೆ ಬೆರಳು ಬಿಡಿಸಿ, ಅಂಗೈಯನ್ನು ಆ ಹಸಿ ಗೋಡೆಯ ಮೇಲೆ ಸುಮ್ಮನೆ ಇಟ್ಟರು.